ನಾನು ನಿಲ್ಲಿಸುತ್ತಿದ್ದ ಹಾಡು

ಎರಡು ವರ್ಷದ ಹಿಂದೆ, ದೀಪಾವಳಿ ಮುಗಿದ ವಾರದಲ್ಲೇ ನಮ್ಮ ಮಾವನವರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು. ಮಾತು ಪೂರ್ತಿ ನಿಂತುಹೋಯಿತು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಮೂರು ವಾರ ಇಟ್ಟುಕೊಂಡು ಮನೆಗೆ ಕಳಿಸಿದರು.

ಮಾವ ಸೊರಬದಲ್ಲಿ ಗಣಿತದ ಮೇಷ್ಟ್ರಾಗಿದ್ದವರು. ಅತ್ತೆ ತೀರಿಕೊಂಡ ಮೇಲೆ ಶಿಕಾರಿಪುರದ ನಮ್ಮ ಮನೆಗೆ ಬಂದರು. ಬರುವಾಗ ತಂದದ್ದು ಒಂದು ಟ್ರಂಕು ಬಟ್ಟೆ, ಮತ್ತು ಪೆನ್‌ಡ್ರೈವ್ ಹಾಕಿ ಕೇಳುವ ಒಂದು ಸಣ್ಣ ಸ್ಪೀಕರ್. ಅದರ ತುಂಬ ಹಿಂದೂಸ್ತಾನಿ ಹಾಡುಗಾರಿಕೆ. ಒಬ್ಬರು "ಆ..." ಎಂದು ಶುರು ಮಾಡಿದರೆ ಅರ್ಧ ಗಂಟೆಯಾದರೂ ಒಂದು ಸಾಲು ಮುಗಿಯುತ್ತಿರಲಿಲ್ಲ. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುವವಳು. ನನಗೆ ಅದನ್ನು ಕೇಳಿದರೆ ತಲೆ ಚಿಟ್ಟು ಹಿಡಿಯುತ್ತಿತ್ತು. ಆದರೆ ಮಾವ ತಮ್ಮ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಕೇಳುತ್ತಿದ್ದುದರಿಂದ ತಕರಾರು ಬಂದಿರಲಿಲ್ಲ.

ಲಕ್ವ ಆದ ಮೇಲೆ, ಕಣ್ಣೆದುರಿಗಿರಲಿ ಎಂದು ಅವರ ಮಂಚವನ್ನು ಹೊಲಿಗೆ ಯಂತ್ರವಿದ್ದ ಕೋಣೆಗೇ ತಂದೆವು. ಅವರು ಎಡಗೈ ಎತ್ತಿ ಕಪಾಟಿನ ಮೇಲಿದ್ದ ಸ್ಪೀಕರ್ ತೋರಿಸುತ್ತಿದ್ದರು. ನಾನು ಹಾಕುತ್ತಿದ್ದೆ. ಐದು ನಿಮಿಷ, ಹತ್ತು ನಿಮಿಷ. ಅಷ್ಟರಲ್ಲಿ ಬೇಸರ ಬಂದು ನಿಲ್ಲಿಸಿ, ಕಾಯಿಲೆ ಮನುಷ್ಯರಿಗೆ ಇದೇ ಒಳ್ಳೆಯದು ಎಂದು ನನ್ನ ಫೋನಿನಲ್ಲಿ ಭಜನೆ ಹಚ್ಚುತ್ತಿದ್ದೆ. ಅವರು ಮುಖ ಗೋಡೆಯ ಕಡೆ ತಿರುಗಿಸುತ್ತಿದ್ದರು. ಕಾಯಿಲೆಯಿಂದ ಸಿಡುಕು ಹೆಚ್ಚಾಗಿದೆ ಎಂದು ನಮ್ಮ ಯಜಮಾನರಿಗೆ ಹೇಳುತ್ತಿದ್ದೆ.

ಒಂದು ಮಧ್ಯಾಹ್ನ ಬ್ಲೌಸ್ ಕೊಡಲು ಬಂದ ಹೆಂಗಸೊಬ್ಬರು ಆ ಹಾಡು ಕೇಳಿ, "ಏನ್ರೀ ಇದು, ಯಾರಿಗೋ ಹೊಟ್ಟೆನೋವು ಬಂದಂಗೈತಲ್ರೀ" ಎಂದರು. ನನಗೆ ನಗು ತಡೆಯಲಾಗಲಿಲ್ಲ. ಇಬ್ಬರೂ ನಕ್ಕೆವು. ನಗುತ್ತಲೇ ಎದ್ದುಹೋಗಿ ಸ್ಪೀಕರ್ ಆರಿಸಿದೆ. ತಿರುಗಿ ನೋಡಿದರೆ ಮಾವನ ಕಣ್ಣಿಂದ ನೀರು ಇಳಿದು ದಿಂಬು ಒದ್ದೆಯಾಗುತ್ತಿತ್ತು. ಲಕ್ವ ಆದವರು ಕಾರಣವಿಲ್ಲದೆ ಅಳುತ್ತಾರೆ, ಡಾಕ್ಟರೇ ಹೇಳಿದ್ದಾರೆ ಎಂದು ಆ ಹೆಂಗಸಿಗೆ ವಿವರಿಸಿದೆ. ನಾನೂ ಹಾಗೆಯೇ ನಂಬಿದ್ದೆ. ಅವತ್ತಿನಿಂದ ಮಾವ ಕಪಾಟಿನ ಕಡೆ ಕೈ ಎತ್ತುವುದನ್ನೇ ಬಿಟ್ಟರು. ನನಗೆ ಒಂದು ಕೆಲಸ ಕಡಿಮೆಯಾಯಿತು ಎನಿಸಿತು.

ಮಾರ್ಚ್ ತಿಂಗಳಲ್ಲಿ ಚೆನ್ನಪ್ಪನವರು ಬಂದರು. ಕ್ಯಾಸನೂರಿನ ಹತ್ತಿರದವರು, ಹಾರ್ಮೋನಿಯಂ ನುಡಿಸುತ್ತಾರೆ, ಮಾವನ ನಲವತ್ತು ವರ್ಷದ ಸ್ನೇಹಿತರು. ಅವರಿಗೇ ಮಂಗನ ಕಾಯಿಲೆ ಬಂದು ಎರಡು ತಿಂಗಳು ಮಲಗಿದ್ದರಂತೆ. ಇನ್ನೂ ಕೋಲು ಹಿಡಿದೇ ನಡೆಯುತ್ತಿದ್ದರು. ಮಾವನ ಪಕ್ಕ ಕುಳಿತು, ಹಾಡು ಕೇಳುತ್ತಾರಾ ಎಂದು ನನ್ನನ್ನು ವಿಚಾರಿಸಿದರು. ಹಾಡು ಹಾಕಿದರೆ ಸಿಟ್ಟಾಗುತ್ತಾರೆ ಎಂದೆ. ಅವರು ಎದ್ದು, ತಾವೇ ಹುಡುಕಿ ಒಂದು ಹಾಡು ಹಾಕಿದರು.

ಬಂದವರ ಎದುರು ಯಂತ್ರ ತುಳಿಯುವುದು ಸರಿಯಲ್ಲ ಎಂದು ನಾನು ಬಾಗಿಲ ಬಳಿ ಕೂತೆ. ಸಂಜೆಯ ಹೊತ್ತು. ಹಾಡುವವರ ದನಿ ಎಲ್ಲಿಗೋ ಹೋಗಬೇಕು ಎಂದು ಹೊರಟು, ಅದರ ಸುತ್ತಲೇ ತಿರುಗಿ ಹಿಂದೆ ಬರುತ್ತಿತ್ತು. ಯಾಕೆ ಹೀಗೆ ಎಂದು ಮೆಲ್ಲಗೆ ಕೇಳಿದೆ. "ಇದು ಮಾರ್ವಾ ಅಂತ ರಾಗ ತಂಗಿ. ಇದ್ರಲ್ಲಿ ಸಾ ಬೇಗ ಸಿಗೂದಿಲ್ಲ. ಕಾಯ್ಬೇಕು" ಎಂದರು. ಎದ್ದುಹೋಗಲಾಗದೆ ನಾನೂ ಕಾದೆ. ಅರ್ಧ ಗಂಟೆಯಾಗಿರಬೇಕು. ಆ ದನಿ ಕೊನೆಗೂ ಅಲ್ಲಿಗೆ ಬಂದು ನಿಂತಾಗ ನನ್ನ ಎದೆಯೊಳಗೆ ಏನೋ ಇಳಿದಂತಾಯಿತು. ಅದೇ ಹೊತ್ತಿಗೆ ಮಂಚದಿಂದ ಇನ್ನೊಂದು ದನಿ ಕೇಳಿಸಿತು. ಒಡಕು ದನಿ, ಆದರೆ ಅದೇ ಶ್ರುತಿ.

ಮಾವ ಹಾಡುತ್ತಿದ್ದರು. "ನಿ... ರೇ... ಸಾ..." ಎಂದು ಸ್ಪಷ್ಟವಾಗಿ.

ನಾಲ್ಕು ತಿಂಗಳಲ್ಲಿ ಅವರ ಬಾಯಿಂದ ಒಂದು ಅಕ್ಷರ ಹೊರಟಿರಲಿಲ್ಲ. ಚೆನ್ನಪ್ಪನವರು ಅವರ ಎಡಗೈ ಹಿಡಿದುಕೊಂಡು ಅತ್ತರು. ಆಮೇಲೆ ನನ್ನ ಕಡೆ ನೋಡಿ, "ಮಾತು ಹೋಗಿದ್ದಷ್ಟೇ ತಂಗಿ. ಇದು ಹೋಗಿರ್ಲಿಲ್ಲ" ಎಂದರು. ನಾನು ಕಾಫಿ ಮಾಡುವ ನೆಪದಲ್ಲಿ ಒಳಗೆ ಹೋದೆ.

ಆಮೇಲೆ ದಿನವೂ ಐದು ಗಂಟೆಗೆ ಯಂತ್ರ ಮುಚ್ಚಿ ಮಾವನ ಪಕ್ಕ ಕೂರುತ್ತಿದ್ದೆ. ನನಗೆ ಎಲ್ಲವೂ ಅರ್ಥವಾಗುತ್ತಿತ್ತು ಎಂದರೆ ಸುಳ್ಳಾಗುತ್ತದೆ. ಕೆಲವೊಮ್ಮೆ ನಿದ್ದೆಯೇ ಬರುತ್ತಿತ್ತು. ಆದರೆ ತಬಲ ಸುತ್ತಿ ಬಂದು ಸೇರುವ ಜಾಗದಲ್ಲಿ ಅವರು ಬೆರಳೆತ್ತಿ ತೋರಿಸುತ್ತಿದ್ದರು, ನಾನೂ ತಾಳ ಎಣಿಸಲು ಕಲಿತೆ. ನನ್ನ ತಪ್ಪು ಹೇಳಿಕೊಳ್ಳಬೇಕು ಎಂದು ದಿನವೂ ಅಂದುಕೊಳ್ಳುತ್ತಿದ್ದೆ. ನಾಳೆ ಹೇಳಿದರಾಯಿತು ಎಂದು ಬಿಡುತ್ತಿದ್ದೆ. ಹನ್ನೊಂದು ಸಂಜೆ ಹೀಗೆ ಕಳೆದವು. ಹನ್ನೆರಡನೆಯ ದಿನ ಬೆಳಿಗ್ಗೆ ಎರಡನೇ ಸಲ ಲಕ್ವ ಹೊಡೆದು, ಶಿವಮೊಗ್ಗ ತಲುಪುವ ಮೊದಲೇ ಮಾವ ಹೋಗಿಬಿಟ್ಟರು.

ವೈಕುಂಠ ಸಮಾರಾಧನೆಯ ದಿನ ಊಟವಾದ ಮೇಲೆ ಚೆನ್ನಪ್ಪನವರನ್ನು ಹಿತ್ತಲಿಗೆ ಕರೆದು ಎಲ್ಲ ಹೇಳಿಬಿಟ್ಟೆ. ಮಾವ ಕೈ ತೋರಿಸಿ ಹಾಕಿಸಿಕೊಂಡ ಹಾಡನ್ನು ನಾನು ನಿಲ್ಲಿಸಿದ್ದು, ಆ ಹೆಂಗಸಿನ ಜೊತೆ ನಕ್ಕಿದ್ದು, ಯಾವುದನ್ನೂ ಬಿಡದೆ.

"ಗೊತ್ತಿತ್ತು ತಂಗಿ" ಎಂದರು. "ಸ್ಪೀಕರ್ ಮೇಲಿನ ಧೂಳು ನೋಡಿದಾಗ್ಲೇ ಗೊತ್ತಾಯ್ತು."

ಅಷ್ಟು ಹೇಳಿ ಕೋಲು ತೆಗೆದುಕೊಂಡು ಸೊರಬದ ಬಸ್ಸಿಗೆ ಹೊರಟರು. ಬೈದಿದ್ದರೆ, ಅಥವಾ ಹೋಗಲಿ ಬಿಡು ಎಂದಿದ್ದರೆ ನನಗೆ ಹಗುರಾಗುತ್ತಿತ್ತೇನೋ. ಎರಡನ್ನೂ ಅವರು ಹೇಳಲಿಲ್ಲ. ಹೇಳಬೇಕಾಗಿದ್ದವರು ಮಾವ, ತಾವಲ್ಲ ಎಂಬುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತು.