ಕಾಕಾನ ಕೊರಳಿಗೆ ನಾ ಹಾಕಿದ ಗಂಟು

ನಾ ಲಕ್ಷ್ಮೇಶ್ವರದಾಗ ಟೆಂಪೋಕ್ಕ ಉಳ್ಳಾಗಡ್ಡಿ ಚೀಲ ಹೇರಿ ಹಗ್ಗ ಬಿಗಿಯಾಂವ. ಬಿಗಿದ ಹಗ್ಗ ಮೀಟಿದ್ರ ಟಣ್ ಅನ್ನಬೇಕು. ಹಂಗ ಕಲಿಸಿದಾಂವ ನಮ್ಮ ಕಾಕಾನ. ಅಂಥಾ ಕಾಕಾಗ ಗಂಟಲಾಗ ಗಡ್ಡಿ ಎದ್ದು, ಗದಗಿನ ದವಾಖಾನ್ಯಾಗ ಕೊರಳಿಗೆ ತೂತು ಮಾಡಿ ಉಸಿರಾಡಾಕ ಪೈಪ್ ಹಾಕಿದ್ರು. ದನಿ ಹೋತು.

ಮನಿಗೆ ಕಳಸೂ ಮುಂದ ಸಿಸ್ಟರ್ ನನಗ ಪೈಪ್ ಕೊರಳಿಗೆ ಕಟ್ಟೂ ಲಾಡಿ ಬದಲಿಸೂದು ಕಲಿಸಾಕ ನಿಂತ್ರು. "ನಾ ಪೈಪ್ ಗಟ್ಟಿ ಹಿಡದಿರ್ತೇನಿ, ನೀ ಕಟ್ಟು."

"ಗಂಟು ಹಾಕೂದು ನಮ್ಮ ಕಸಬ್ರೀ ಅಕ್ಕಾರ," ಅಂತ ಜಗ್ಗಿ ಕಟ್ಟಿ, ಲಾಡಿ ಮೀಟಿ ನೋಡಿದೆ. ಕಾಕಾ ಕಣ್ಣು ಮ್ಯಾಲೆ ಮಾಡಿದ. ಚೇಷ್ಟಿ ಮಾಡಾಕತ್ತಾನಂತ ನಾ ನಕ್ಕೆ.

ಸಿಸ್ಟರ್ ನನ್ನ ಕೈಮ್ಯಾಲೆ ಹೊಡದು ಗಂಟು ಬಿಚ್ಚಿದ್ರು. "ಲೇ, ಇದೇನು ಚೀಲೇನು? ಲಾಡಿ ಕೆಳಗ ಒಂದ ಕೈಬಟ್ಟು ಹೋಗಬೇಕು. ಬಿಗಿ ಆದ್ರ ಕೊರಳು ಕೊಯ್ತೈತಿ. ಸಡ್ಲಾದ್ರ ಕೆಮ್ಮಿದಾಗ ಪೈಪ್ ಹೊರಗ ಬಂದು ಉಸಿರ ನಿಲ್ತೈತಿ."

ಎರಡನೇ ಸಲ ಸಾವಕಾಶ ಕಟ್ಟಿದೆ. ಬಟ್ಟು ಹೋತು. ಆವಾಗ ಕಾಕಾನ ತುಟಿ ಜೋರಾಗಿ ಅಲುಗಿದುವು. ಪೈಪಿನಿಂದ ಬರೇ ಗಾಳಿ ಬಂತು, ಆದ್ರ ಒಂದೊಂದು ಬೈಗಳಾನೂ ನನಗ ತಿಳೀತು.

"ಏನಂತಾರ?" ಅಂತ ಸಿಸ್ಟರ್ ಕೇಳಿದ್ರು.

"ಶಾಬಾಸ್ ಅನ್ನಾಕತ್ತಾನ್ರಿ," ಅಂದೆ.