ಗುಡ್ಡದ ಮೇಲೆ ಮುರಿದ ಸಂಬಂಧ

ನನಗೆ ಬಂದ ಮೊದಲ ಸಂಬಂಧವನ್ನು ನಾನು ಯಾಕೆ ಬೇಡವೆಂದೆ ಎನ್ನುವುದು ನಮ್ಮ ನೆಂಟರಲ್ಲಿ ಹಲವರಿಗೆ ಇವತ್ತಿಗೂ ಗೊತ್ತಿಲ್ಲ. ಜಾತಕ ಕೂಡಿಬರಲಿಲ್ಲ ಎಂದು ಅಪ್ಪ ಎಲ್ಲರಿಗೂ ಹೇಳಿಬಿಟ್ಟಿದ್ದರು. ನಡೆದದ್ದು ಬೇರೆ.

ಎಪ್ಪತ್ತರ ದಶಕದ ಕೊನೆಯ ಮಾತು. ಬಸವಾಪಟ್ಟಣದಲ್ಲಿ ನಮ್ಮದೊಂದು ಹಿಟ್ಟಿನ ಗಿರಣಿ ಇತ್ತು. ಹುಡುಗ ಹೊನ್ನಾಳಿಯವನು, ಕಚೇರಿಯೊಂದರಲ್ಲಿ ಗುಮಾಸ್ತ. ಹೆಣ್ಣು ನೋಡಲು ಬಂದ ದಿನ ಮನೆಯವರೆಲ್ಲ ಅವನ ಶುಚಿಗೆ ಮರುಳಾದರು. ಇಸ್ತ್ರಿ ಹಾಕಿದ ಟೆರಿಲಿನ್ ಶರ್ಟು, ಮಡಿಕೆ ಕೆಡದ ಕರ್ಚೀಫು. ಕಾಫಿ ಲೋಟದ ಅಂಚನ್ನೂ ಒರೆಸಿಕೊಂಡು ಕುಡಿದ. ಇಂಥ ಚೊಕ್ಕ ಗಂಡು ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದು ಅವ್ವ ಒಳಗೆ ಬಂದು ಪಿಸುಗುಟ್ಟಿದಳು. ಬೇಡವೆನ್ನಲು ನನಗೂ ಕಾರಣ ಕಾಣಲಿಲ್ಲ.

ಮಾತು ಮುಗಿಸಲು ಅವರು ಇನ್ನೊಮ್ಮೆ ಬಂದರು. ಹುಡುಗ, ಅವನ ತಾಯಿ, ಅವನ ಅಕ್ಕ, ಅವಳ ಪುಟ್ಟ ಮಗ. ಬುತ್ತಿ ಕಟ್ಟಿಕೊಂಡು ಊರ ಹಿಂದಿನ ಗುಡ್ಡಕ್ಕೆ ಹೋಗೋಣ, ಮಗುವಿಗೂ ಆಟವಾಗುತ್ತದೆ ಎಂದು ಅಕ್ಕ ಹೇಳಿದಾಗ ನನಗೆ ಖುಷಿಯೇ ಆಯಿತು. ಸಣ್ಣವಳಿದ್ದಾಗಿನಿಂದ ಭಾನುವಾರಗಳಲ್ಲಿ ಅಪ್ಪನ ಹಿಂದೆ ನಾನೂ ತಂಗಿಯೂ ಹತ್ತಿದ ಗುಡ್ಡ ಅದು. ಕುರಿಗಳು ತುಳಿದು ತುಳಿದು ಆದ ಕಾಲುದಾರಿ, ಮಕ್ಕಳೂ ಹತ್ತಬಹುದು. ಅಲ್ಲಲ್ಲಿ ಕಾರೆ ಪೊದೆ, ಸೀತಾಫಲದ ಗಿಡ. ನೆತ್ತಿಗಿಂತ ತುಸು ಕೆಳಗೆ ಬಂಡೆಯಲ್ಲೊಂದು ದೊಣೆ. ಅದರಲ್ಲಿ ನಿಂತ ಮಳೆನೀರು ಬೇಸಿಗೆಯಲ್ಲೂ ತಳ ಕಾಣುವಷ್ಟು ತಿಳಿಯಾಗಿರುತ್ತಿತ್ತು. ಗುಡ್ಡದಲ್ಲಿ ಕುರಿ ಮೇಯಿಸುವವರಿಗೆ ಕುಡಿಯಲು ಬೇರೆ ನೀರಿರಲಿಲ್ಲ. ಚೊಂಬಿನಲ್ಲಿ ನೀರು ಮೊಗೆದು, ದೂರ ನಿಂತು ಕೈ ತೊಳೆದುಕೊಂಡ ಮೇಲೆಯೇ ಬೊಗಸೆ ಅದ್ದಬೇಕು ಎಂದು ಅಪ್ಪ ನಮಗೆ ಕಲಿಸಿದ್ದರು. ಆ ದಿನ ಅಪ್ಪನೂ ಜೊತೆಗೆ ಬಂದರು.

ಊರು ದಾಟಿದ್ದೇ ತಡ, ಹುಡುಗ ಬೇರೆಯೇ ಮನುಷ್ಯನಾದ. ಎಲೆಅಡಿಕೆ ಜಗಿಯುತ್ತ ಕಂಡ ಕಂಡ ಬಂಡೆಗೆಲ್ಲ ಉಗುಳಿದ. ಸೀನಿ, ಮೂಗು ಹಿಂಡಿ, ಬೆರಳನ್ನು ಸೀತಾಫಲದ ಎಲೆಗೆ ಒರೆಸಿದ. ಕರ್ಚೀಫು ಜೇಬಿನಲ್ಲಿ ಹಾಗೇ ಇತ್ತು. ಅರ್ಧ ದಾರಿಯಲ್ಲಿ ಅವನ ಅಕ್ಕ ಮಗನನ್ನು ಕಾಲುದಾರಿಯ ನಡುವೆಯೇ ಕಕ್ಕ ಮಾಡಲು ಕೂರಿಸಿದಳು. ಪಕ್ಕದಲ್ಲಿ ಬೇಕಾದಷ್ಟು ಜಾಗವಿತ್ತು. ಮುಂದೇನು ಮಾಡುತ್ತಾಳೆಂದು ನಾನು ಊಹಿಸಿರಲಿಲ್ಲ. ಮೇಲೆ ಹೋದವಳೇ ಮಗುವಿನ ಅಂಡನ್ನು ದೊಣೆಯಲ್ಲಿ ಅದ್ದಿ ತೊಳೆದಳು. ನಾನು ಅಪ್ಪನ ಮುಖ ನೋಡಿದೆ. ಅಪ್ಪ ಹೊನ್ನಾಳಿ ಯಾವ ಕಡೆ ಎಂದು ಹುಡುಗನ ತಾಯಿಗೆ ಬೆರಳು ತೋರಿಸುತ್ತಿದ್ದರು.

ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನ. ನಾನು ನನ್ನ ಎಲೆ ಪಕ್ಕಕ್ಕೆ ಸರಿಸಿದೆ. ಹುಡುಗ ಚೆನ್ನಾಗಿ ಉಂಡ. ಉಂಡವನು ಮೊಸರನ್ನದ ಕೈಯನ್ನು ದೊಣೆಯೊಳಗೇ ಆಡಿಸಿದ, ಬಾಯಿ ಮುಕ್ಕಳಿಸಿ ಅಲ್ಲಿಗೇ ಉಗುಳಿದ, ಎಲ್ಲರ ಎಂಜಲೆಲೆ ಒಟ್ಟುಮಾಡಿ ಅದರೊಳಕ್ಕೇ ಎಸೆದ. ಎಲೆಗಳು ತೇಲಿದವು. ಅನ್ನದ ಅಗುಳು, ಎಣ್ಣೆಯ ಪದರ, ಕೆಂಪು ಎಳೆ ಎಳೆಯಾಗಿ ಹರಡುವ ಉಗುಳು. ಅಷ್ಟರಲ್ಲಿ ಕುರಿ ಕಾಯುವ ಮುದುಕಿಯೊಬ್ಬಳು ಕೈಯಲ್ಲಿ ಚೊಂಬು ಹಿಡಿದು ಬಂದಳು. ನೀರು ನೋಡಿ ಚೊಂಬು ಅದ್ದದೆ ನಿಂತಳು.

"ಮ್ಯಾಲಿಂದು ಸರಿಸಿ ತಗಾ, ಕೆಳಗೆ ಚಲೋ ಐತೆ," ಎಂದ ಹುಡುಗ.

ಮುದುಕಿ ಖಾಲಿ ಚೊಂಬಿನೊಂದಿಗೆ ಇಳಿದುಹೋದಳು. ನಾನು ಸೆರಗು ಸಿಕ್ಕಿಸಿ ಎಲೆಗಳನ್ನು ಒಂದೊಂದಾಗಿ ತೆಗೆಯತೊಡಗಿದೆ. ಉಬ್ಬಿದ ಅಗುಳುಗಳು ಬೆರಳಿಗೆ ಲೋಳೆಯಾಗಿ ಅಂಟುತ್ತಿದ್ದವು. ತೆಗೆದಷ್ಟೂ ನೀರು ರಾಡಿಯಾಯಿತು. ಹುಡುಗನ ತಾಯಿ ನಗುತ್ತ, ಮುಸುರೆ ಕೆಲಸ ಈಗಲೇ ರೂಢಿ ಆಗ್ತಾ ಐತೆ ನೋಡ್ರಿ ಎಂದು ಅಪ್ಪನಿಗೆ ಹೇಳಿದರು. ಅಪ್ಪನೂ ನಕ್ಕರು. ಆ ನಗು ನನಗೆ ಉಗುಳಿಗಿಂತ ಹೇಸಿಗೆಯಾಯಿತು.

ಮನೆಗೆ ಬಂದ ಮೇಲೆ ಹುಡುಗ ಬಿಸಿನೀರು ಕೇಳಿ ಪಡೆದು, ಬೆರಳಸಂದಿ ಬಿಡದೆ ಕಾಲು ತೊಳೆದು, ತನ್ನದೇ ಟವೆಲ್ಲಿನಿಂದ ಒರೆಸಿಕೊಂಡ. ನಾನು ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡೆ.

ಅವರು ಬಸ್ಸು ಹತ್ತಿದ ಮೇಲೆ, ಈ ಮದುವೆ ನನಗೆ ಬೇಡ ಎಂದೆ. ಅವ್ವ ಅತ್ತಳು. ಗಂಡಸರು ಹೊರಗೆ ಹೋದರೆ ಹಾಗೇ ಇರುತ್ತಾರೆ, ಮನೆಯಲ್ಲಿ ಚೊಕ್ಕವಿದ್ದರೆ ಸಾಕಲ್ಲ ಎಂದಳು.

"ಉಗುಳಿದ್ದಕ್ಕೆ ಸಂಬಂಧ ಬಿಟ್ರು ಅಂತ ಮಂದಿಗೆ ಹೆಂಗೆ ಹೇಳಾಕೆ ಆಕತಿ?" ಎಂದರು ಅಪ್ಪ.

"ನೀವು ಏನಾರ ಹೇಳ್ರಿ. ಆ ಕೈ ಕಂಡ್ರೆ ನಂಗೆ ವಾಕರಿಕೆ ಬರ್ತೈತೆ. ಆ ಕೈಲಿ ತಾಳಿ ಕಟ್ಟಿಸ್ಕಳಾಕೆ ಆಗಂಗಿಲ್ಲ."

ಅಪ್ಪ ಹೊನ್ನಾಳಿಗೆ ಹೋಗಿ ಜಾತಕದ ಸುಳ್ಳು ಹೇಳಿ ಬಂದರು. ಅದಕ್ಕೆ ನಾನು ಕೃತಜ್ಞಳಾಗಿರಬೇಕಿತ್ತೇನೋ. ಆದರೆ ನಿಜವಾದ ಕಾರಣ ಆ ಮನೆಯವರ ಕಿವಿಗೆ ಬೀಳಲೇ ಇಲ್ಲವಲ್ಲ ಎಂಬ ಸಿಟ್ಟೇ ಹೆಚ್ಚಾಗಿತ್ತು. ನಾವು ತಂದೆಮಗಳು ಮತ್ತೆ ಒಟ್ಟಿಗೆ ಗುಡ್ಡ ಹತ್ತಲಿಲ್ಲ.

ಆಮೇಲೆ ಚನ್ನಗಿರಿಗೆ ಮದುವೆಯಾಗಿ ಬಂದೆ. ನನ್ನ ಗಂಡನೇನೂ ದೇವರಲ್ಲ. ಬಸ್ಸಿನ ಕಿಟಕಿಯಿಂದ ಉಗಿಯುವ ಚಟ ಅವರಿಗೂ ಇತ್ತು, ಜಗಳವಾಡಿ ಬಿಡಿಸಿದೆ. ಎಂಬತ್ತರ ದಶಕದಲ್ಲಿ ರಜೆ ಬಂದರೆ ಮಕ್ಕಳನ್ನು ಕರೆದುಕೊಂಡು ಸುತ್ತಲಿನ ಗುಡ್ಡಗಳಿಗೆ, ಕೆರೆಬಿಳಚಿ ಕಡೆಯ ದೊಡ್ಡ ಕೆರೆಯ ಏರಿಗೆ ಹೋಗುತ್ತಿದ್ದೆವು. ಹಾಗೆ ಬರುವ ಸಂಸಾರಗಳು ಆ ಹೊತ್ತಿಗೆ ಬಹಳವಾಗಿದ್ದವು. ವ್ಯಾನು ಮಾಡಿಕೊಂಡು ಬರುತ್ತಿದ್ದರು, ಖಾಲಿ ಪೊಟ್ಟಣ, ಮೂಳೆ, ಒಡೆದ ಬಾಟಲಿ ಬಿಟ್ಟು ಹೋಗುತ್ತಿದ್ದರು. ಒಮ್ಮೆ ಬುತ್ತಿ ಬಿಚ್ಚಲೆಂದು ಒಂದು ಬಂಡೆ ಹುಡುಕಿದೆವು. ಒಂದರ ಮೇಲೆ ನೊಣ ಮುತ್ತಿದ್ದವು, ಇನ್ನೊಂದರ ಹಿಂದಿನಿಂದ ನಾತ ಬರುತ್ತಿತ್ತು. ಇಲ್ಲಿ ಬೇಡ, ಮುಂದೆ ಹೋಗೋಣ ಎಂದಳು ಮಗಳು. ಮುಂದೆಯೂ ಹಾಗೇ ಇತ್ತು. ಕೊನೆಗೆ ನಿಂತುಕೊಂಡೇ ರೊಟ್ಟಿ ತಿಂದು ಮಧ್ಯಾಹ್ನಕ್ಕೇ ಇಳಿದುಬಂದೆವು.