ನೀಲಗಂಗವ್ವ ಮನೆಯಲ್ಲಿಲ್ಲ

ಮೊನ್ನೆ ಮಧ್ಯಾಹ್ನ ಕಂಪ್ಯೂಟರ್ ಮುಂದೆ ಕೂತು ಯಾರದೋ ಮದುವೆ ಕಾರ್ಡ್ ಟೈಪ್ ಮಾಡುತ್ತಿದ್ದೆ. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಎತ್ತಿದರೆ ನನ್ನ ತಮ್ಮ!

"ಅಕ್ಕಾ, ಆಸ್ಪತ್ರ್ಯಾಗ ಅದೀನಿ. ನಿನ್ನ ಮೇಲ್‌ಗೆ ಒಂದು ಲಿಂಕ್ ಕಳಿಸೇನಿ, ಲಗೂನ ಒತ್ತು."

ಧ್ವನಿ ಅವನದೇ. "ಅಕ್ಕಾ" ಎಂದು ಎಳೆಯುವ ರೀತಿಯೂ ಅವನದೇ.

ನಿಜ ಹೇಳುತ್ತೇನೆ, ಹೆದರಿಕೆಗಿಂತ ಮೊದಲು ಖುಷಿಯಾಯಿತು. ದೀಪಾವಳಿ ಆದಮೇಲೆ ಅವನು ಫೋನೇ ಮಾಡಿರಲಿಲ್ಲ. ರಿಟೈರಾಗಿ ಸಿಂದಗಿಯ ಈ ಮನೆಯಲ್ಲಿ ಒಬ್ಬಳೇ ಇರುವ ನನಗೆ ಬರುವುದೆಲ್ಲ ಕಾರ್ಡ್ ಮಾಡಿಸುವವರ ಫೋನ್.

ಮೌಸ್ ಮೇಲೆ ಕೈ ಹೋಯಿತು. ಒತ್ತುವ ಮೊದಲು ಯಾಕೋ ಬಾಯಿಂದ ಬಂತು, "ನೀಲಗಂಗವ್ವ ಎಲ್ಲಿ ಅದಾಳೋ?"

ನೀಲಗಂಗವ್ವ ಯಾರೆಂದು ನಿಮಗೆ ಹೇಳಬೇಕು...

ಎಪ್ಪತ್ತರ ದಶಕ. ಹೊಸದಾಗಿ ಟೀಚರ್ ಕೆಲಸ ಸಿಕ್ಕಿ ಇದೇ ಸಿಂದಗಿಯಲ್ಲಿ ಬಾಡಿಗೆ ಖೋಲಿ ಹಿಡಿದಿದ್ದೆ. ತವರು ಬಸವನ ಬಾಗೇವಾಡಿ. ಅಲ್ಲಿ ಅಪ್ಪನ ಕಿರಾಣಿ ಅಂಗಡಿಯಲ್ಲಿ ಫೋನಿತ್ತು, ತಮ್ಮ ಅಲ್ಲೇ ಕೂರುತ್ತಿದ್ದ.

ಆಗ ಇಂಥವರೇ ಬೇಕೆಂದು ಹೆಸರು ಹೇಳಿ, ಆಪರೇಟರ್ ಮೂಲಕ ದೂರದೂರಿಗೆ ಟ್ರಂಕ್ ಕಾಲ್ ಬುಕ್ ಮಾಡಬಹುದಿತ್ತು. ಅವರು ಇಲ್ಲದಿದ್ದರೆ ಪೂರ್ತಿ ಚಾರ್ಜ್ ಇಲ್ಲ. ಅದಕ್ಕೇ ನಾನೂ ತಮ್ಮನೂ ಸೇರಿ ಎಲ್ಲೂ ಇಲ್ಲದ ನೀಲಗಂಗವ್ವನನ್ನು ಹುಟ್ಟಿಸಿದೆವು!

ಶನಿವಾರ ಶಾಲೆ ಬಿಟ್ಟಮೇಲೆ ಪೋಸ್ಟಾಫೀಸಿಗೆ ಹೋಗಿ ಅವಳ ಹೆಸರಿಗೆ ಕಾಲ್ ಬುಕ್ ಮಾಡುತ್ತಿದ್ದೆ. ತಮ್ಮ "ಆಕಿ ಇಂಡಿ ಊರಿಗಿ ಹೋಗ್ಯಾಳ್ರಿ" ಎಂದರೆ ಮನೆಯಲ್ಲಿ ಎಲ್ಲ ಕ್ಷೇಮ. ಅವನಿಗೆ ಕಾಲ್ ಬಂತೆಂದರೆ ಇಲ್ಲಿ ನಾನೂ ಕ್ಷೇಮ.

ಆಪರೇಟರ್ ಮಾತಿನ ಹಿಂದೆ ಅವನ ಧ್ವನಿ ಸಣ್ಣಗೆ ಕೇಳಿಸುತ್ತಿತ್ತು. ಅಷ್ಟಕ್ಕಾಗಿ ವಾರವೆಲ್ಲ ಕಾಯುತ್ತಿದ್ದೆ.

ಒಮ್ಮೆ ಆಪರೇಟರ್ ಕೇಳಿಯೇಬಿಟ್ಟರು, "ಬಾಯಾರ, ಈ ನೀಲಗಂಗವ್ವ ಯಾವಾಗರೆ ಮನ್ಯಾಗ ಇರ್ತಾಳೇನ್ರಿ?" ಸೆರಗು ಬಾಯಿಗೆ ಹಿಡಿದು ನಗು ತಡೆದೆ. ಖೋಲಿಗೆ ಬಂದಮೇಲೆ ಆ ನಗು ಹಂಚಿಕೊಳ್ಳಲು ಯಾರೂ ಇರಲಿಲ್ಲ.

ಮೊನ್ನೆ ಫೋನಿನಲ್ಲಿದ್ದ "ತಮ್ಮ" ಈ ಪ್ರಶ್ನೆಗೆ ತಡವರಿಸಿದ. "ಇಲ್ಲೇ ನನ್ನ ಬಾಜೂಕ ಕುಂತಾಳಕ್ಕಾ. ನೀ ಮೊದ್ಲ ಲಿಂಕ್ ಒತ್ತು."

ಆಸ್ಪತ್ರೆಯಲ್ಲಿ ನೀಲಗಂಗವ್ವ!

ಫೋನ್ ಕಟ್ ಮಾಡಿದೆ. ಲಿಂಕ್ ಮುಟ್ಟದೆ ಮೇಲ್ ಅಳಿಸಿ, ಮುದ್ದೇಬಿಹಾಳದಲ್ಲಿರುವ ತಮ್ಮನ ನಂಬರಿಗೆ ನಾನೇ ಫೋನ್ ಮಾಡಿದೆ.

ಅವನು ಆರಾಮಾಗಿ ಚಹಾ ಕುಡಿಯುತ್ತಿದ್ದ. ನಡೆದದ್ದೆಲ್ಲ ಹೇಳಿದೆ.

"ಈಗ ಧ್ವನಿನೂ ಕದೀತಾರಕ್ಕಾ. ಚಲೋ ಕೇಳ್ದಿ ನೋಡು," ಎಂದ. ಚಹಾ ಗುಟುಕರಿಸಿ, "ಆದ್ರ... ಯಾರಕ್ಕಾ ಈ ನೀಲಗಂಗವ್ವ?" ಎಂದು ಕೇಳಿದ.

ಕಳ್ಳನ ಫೋನ್ ಇಟ್ಟಾಗ ಬಾರದ ಅಳು ಆಗ ಬಂತು. ಅವನಿಗೆ ಗೊತ್ತಾಗದಂತೆ "ಇರಲಿ ಬಿಡೋ, ಯಾರೂ ಅಲ್ಲ" ಎಂದೆ.

ನೀವೂ ಮನೆಯವರೊಂದಿಗೆ ಇಂಥದೊಂದು ಗುಟ್ಟಿನ ಹೆಸರಿಟ್ಟುಕೊಳ್ಳಿ, ಆಗಾಗ ನೆನಪಿಸುತ್ತಿರಿ. ಅಪ್ಪಿತಪ್ಪಿಯೂ ಅದನ್ನು ಈ ಪೋಸ್ಟಿನ ಕಾಮೆಂಟಿನಲ್ಲಿ ಬರೆಯಬೇಡಿ.

ನಮ್ಮದನ್ನು ಮಾತ್ರ ಬರೆದುಬಿಟ್ಟಿದ್ದೇನೆ... ನನಗೊಬ್ಬಳಿಗೇ ನೆನಪಿರುವ ಗುಟ್ಟನ್ನು ಇನ್ನು ಯಾರಿಂದ ಬಚ್ಚಿಡಲಿ, ಹೇಳಿ?